ಕಿವಿ ಮಡಚಿ ಹಿಡಿದಾಗ

ಈಸ್ಟರ್ ಹಿಂದಿನ ಶನಿವಾರ ಬಂತೆಂದರೆ ಡಾಕ್ಟರ್ ವರ್ನೆಲ್‌ಗೆ ಇಂದಿಗೂ ಐಡೆಲಾ ಚಿಕ್ಕಮ್ಮನ ಅಡುಗೆಮನೆಯ ವಾಸನೆ ಬರುತ್ತದೆ. ಒಲೆಯ ಮೇಲೆ ಕಾದ ಕಬ್ಬಿಣದ ಬಾಚಣಿಗೆ, ತಲೆಗೆ ಹಚ್ಚಿದ ಎಣ್ಣೆಯ ಕಮಟು, ಸರದಿಗೆ ಕೂತ ಹೆಂಗಸರ ಹರಟೆ. ಮೇಕನ್ ಊರಿನ ಕಪ್ಪುಜನರ ಕೇರಿಯಲ್ಲಿ ಗುಂಗುರು ಕೂದಲನ್ನು ನೆಟ್ಟಗೆ ಮಾಡಿಸಿಕೊಳ್ಳದೆ ಯಾವ ಹೆಂಗಸೂ ಈಸ್ಟರ್ ದಿನ ಚರ್ಚಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಆ ಗಲಾಟೆ, ಆ ನಗು ಇನ್ನೆಲ್ಲಿ ಸಿಗಬೇಕು!

ಕುರ್ಚಿಯಲ್ಲಿ ಕೂತವರು ತಮ್ಮ ಕಿವಿಯನ್ನು ತಾವೇ ಮಡಚಿ ಹಿಡಿದು ಅಲುಗಾಡದೆ ಇರಬೇಕು. ಅಲುಗಿದರೆ ಚುರುಕ್ ಎನ್ನುತ್ತಿತ್ತು. ಚಿಕ್ಕಮ್ಮ ಎಲ್ಲರೆದುರೇ ನಗುತ್ತಿದ್ದಳು: "ಕಷ್ಟದ ಮಾತಿದ್ರೆ ಕಿವಿ ಹಿಡ್ಕೊಂಡಿರೋವಾಗ ಹೇಳ್ಬಿಡ್ಬೇಕು ನೋಡ್ರೇ. ಎದ್ದು ಹೋಗೋಕಾಗಲ್ಲ!"

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ವರ್ನೆಲ್‌ಗೆ ಉತ್ತರದ ವೈದ್ಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಮದುವೆಯಾದ ಹೆಂಗಸರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ಇತ್ತ ಯುದ್ಧದಿಂದ ಮರಳಿದ ಕ್ಲೀಟಸ್‌ಗೆ ಜೂನ್ ತಿಂಗಳಲ್ಲೇ ಮದುವೆ ಆಗಬೇಕಿತ್ತು. ಅವನೆಂದರೆ ವರ್ನೆಲ್‌ಗೆ ಪ್ರಾಣ. ಅವನ ಮುಖ ನೋಡಿದರೆ ತನ್ನ ಹಟ ಕರಗುತ್ತದೆಂದು ಅವಳಿಗೆ ಗೊತ್ತಿತ್ತು.

ಆ ಶನಿವಾರ ಕುರ್ಚಿಯಲ್ಲಿ ಕೂತಿದ್ದವಳು ಕ್ಲೀಟಸ್‌ನ ತಾಯಿ, ಕೇರಿಯವರೆಲ್ಲ ಗೌರವದಿಂದ ಕರೆಯುವ ಮಿಸ್ ಓರಾ. ಚಿಕ್ಕಮ್ಮನ ಬದಲು ಬಾಚಣಿಗೆ ಹಿಡಿದಿದ್ದವಳು ವರ್ನೆಲ್.

"ನಾಳೆ ಚರ್ಚಲ್ಲಿ ಪಾದ್ರಿಗಳು ಮದುವೆಗೆ ನಿಮ್ಮಿಬ್ಬರ ಹೆಸರು ಕೂಗ್ತಾರೆ ಕಣೇ. ನನ್ನ ಹೊಸ ಟೋಪಿ ಮೇಲಿನ ಹೂ ನೋಡಿದ್ರೆ ಜೇನುಹುಳಾನೂ ಮೋಸ ಹೋಗ್ಬೇಕು!"

ಬಾಚಣಿಗೆ ಬಳಿ ಬರುತ್ತಲೇ ಮಿಸ್ ಓರಾ ಕಿವಿ ಮಡಚಿ ಹಿಡಿದಳು.

"ಕೂಗಿಸ್ಬೇಡಿ, ಮಿಸ್ ಓರಾ. ನಾನು ಡಾಕ್ಟರ್ ಓದೋಕೆ ಹೋಗ್ತಿದೀನಿ."

ಸರದಿಗೆ ಕೂತವರೆಲ್ಲ ತಿರುಗಿ ನೋಡಿದರು.

"ನನ್ನ ಮಗ ಬೇಡ್ವಾ?"

"ಬೇಕು. ಅದಕ್ಕೇ ಅವನಿಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಮಿಸ್ ಓರಾ ತಲೆ ಹೊರಳಿಸಿ ಇನ್ನೊಂದು ಕಿವಿ ಮಡಚಿ ಹಿಡಿದಳು. "ಇನ್ನೊಂದು ಕಡೆ ಮುಗಿಸು. ಅರ್ಧ ತಲೆ ಹೊತ್ಕೊಂಡು ದೇವರೆದುರು ನಿಲ್ಲಲಾ?" ಎಂದಳು. ಎಲ್ಲ ಮುಗಿದು ಬಾಚಣಿಗೆ ಒಲೆ ಸೇರಿದರೂ ಅವಳು ಕಿವಿ ಬಿಟ್ಟಿರಲಿಲ್ಲ.

ಕ್ಲೀಟಸ್ ಡೆಟ್ರಾಯಿಟ್‌ಗೆ ಹೋಗಿ ಬೇರೊಬ್ಬಳನ್ನು ಮದುವೆಯಾದ. ವರ್ನೆಲ್ ಡಾಕ್ಟರಾಗಿ ಊರಿಗೇ ಮರಳಿದಳು. ಎಷ್ಟೋ ವರ್ಷಗಳ ಮೇಲೆ ಮಿಸ್ ಓರಾ ಹೊಟ್ಟೆನೋವೆಂದು ಅವಳ ದವಾಖಾನೆಗೇ ಬಂದಳು. ಎಕ್ಸ್‌ರೇಯಲ್ಲಿ ವರ್ನೆಲ್‌ಗೆ ಕಂಡದ್ದು ವಾಸಿಯಾಗದ ಗಡ್ಡೆ. ಹವಾ ಚೆನ್ನಾಗಿದೆ, ಊಟ ಸೇರುತ್ತಾ ಎಂದೆಲ್ಲ ಏನೇನೋ ತಡವರಿಸಿದಳು.

ಮುದುಕಿ ಅವಳನ್ನೇ ನೋಡಿದಳು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಿವಿ ಮಡಚಿ ಹಿಡಿದಳು.

"ಹೂಂ, ಈಗ ಹೇಳ್ಬಿಡು ಮಗಳೇ. ಎದ್ದು ಹೋಗಲ್ಲ."