ಪ್ಲಾಸಿಡನ ಎರಡು ಕಣ್ಣು

ಕ್ಯಾರಕೆಟ್ ಬಂದರಿನ ಮಂಜು ಒಡೀಲಳ ಫೋಟೋ ಸ್ಟುಡಿಯೋದ ಕಿಟಕಿಗೆ ಒರಗಿ ನಿಂತಿತ್ತು. ಒಳಗೆ ಸ್ಟೂಲಿನ ಮೇಲೆ ಪ್ಲಾಸಿಡ್ ಕೂತಿದ್ದ. ಐವತ್ತು ವರ್ಷ ಸಮುದ್ರದಲ್ಲಿ ಸೀಗಡಿ ಹಿಡಿದ ಮುದುಕ. ನಾಳೆ ಮಾಂಕ್ಟನ್ನಿನ ಆಸ್ಪತ್ರೆಯಲ್ಲಿ ಅವನ ಎಡಗಣ್ಣು ತೆಗೆಯುವವರಿದ್ದರು. ಅಷ್ಟರೊಳಗೆ ಎರಡೂ ಕಣ್ಣು ತೆರೆದಿರುವ ಒಂದು ಫೋಟೋ ಬೇಕೆಂದು ಹೆಂಡತಿ ಡೆಲಿಮಾ ಹಟ ಹಿಡಿದು ಕರೆತಂದಿದ್ದಳು. ಮದುವೆಯ ಫೋಟೋದಲ್ಲೂ ಅವನು ಕಣ್ಣು ಮುಚ್ಚಿದವನೇ.

"ಪಾದ್ರಿ ಮುಂದೇನೇ ನಿದ್ದೆ ಹೊಡೆದ ಅಂತ ನಮ್ಮಕ್ಕ ಇವತ್ತಿಗೂ ಆಡ್ಕೋತಾಳೆ."

"ನಿನ್ನ ನೋಡಿ ಹೆದರಿ ಮುಚ್ಕೊಂಡೆ ಕಣೇ."

ದೊಡ್ಡ ದೀಪಗಳನ್ನು ಮಿಂಚಿಸುವ ಒಡೀಲಳ ರೇಡಿಯೋ ಟ್ರಿಗರ್ ಹೋದ ವಾರ ದೋಣಿಯ ಮೇಲಿನ ಒಂದು ಮದುವೆಯಲ್ಲಿ ನೀರುಪಾಲಾಗಿತ್ತು. ಇವತ್ತು ಕ್ಯಾಮೆರಾದ ನೆತ್ತಿಯ ಪುಟ್ಟ ಫ್ಲ್ಯಾಶನ್ನೇ ನೆಚ್ಚಿಕೊಂಡಿದ್ದಳು. ಅದರ ಮಿನುಗು ಕಂಡರೆ ಸಾಕು, ಮೂಲೆಯ ದೊಡ್ಡ ದೀಪಗಳು ತಂತಿಯಿಲ್ಲದೆ ತಾವೂ ಮಿಂಚುತ್ತವೆ.

ಮಿಂಚಿದವು. ಕೋಣೆ ಹಾಲಿನಲ್ಲಿ ಮುಳುಗಿ ಎದ್ದಂತಾಯಿತು. ಆದರೆ ಕ್ಯಾಮೆರಾದ ಪರದೆಯಲ್ಲಿ ಕತ್ತಲು. ಕತ್ತಲೊಳಗೆ ಕಣ್ಣು ಮುಚ್ಚಿದ ಪ್ಲಾಸಿಡ್. ಮತ್ತೊಮ್ಮೆ ತೆಗೆದಳು. ಹಾಗೇ.

"ಬಿಟ್ಬಿಡು ಮಗಳೇ. ಈ ಕಣ್ಣು ಹೊರಟು ನಿಂತಿದೆ, ಪೋಸು ಕೊಡಲ್ಲ."

ಡೆಲಿಮಾ ನಗಲಿಲ್ಲ. ಕೈಚೀಲವನ್ನು ಎದೆಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು.

ಒಡೀಲ್ ಆ ಮುಚ್ಚಿದ ರೆಪ್ಪೆಗಳನ್ನೇ ನೋಡಿದಳು. ಫೋಟೋಕ್ಕಿಂತ ಮೊದಲೇ ಏನನ್ನೋ ಕಂಡು ಮುಚ್ಚಿದ ರೆಪ್ಪೆಗಳು. ಆಗ ಹೊಳೆಯಿತು. ಪುಟ್ಟ ಫ್ಲ್ಯಾಶ್ ಎರಡು ಸಲ ಮಿನುಗುತ್ತಿದೆ: ಮೊದಲನೆಯದು ಬೆಳಕು ಅಳೆಯಲು, ಆಮೇಲಿನದು ಫೋಟೋಕ್ಕೆ. ದೊಡ್ಡ ದೀಪಗಳು ಮೊದಲನೆಯದಕ್ಕೇ ಎಲ್ಲ ಸುರಿದು ಬರಿದಾಗುತ್ತಿವೆ. ಪ್ಲಾಸಿಡನೂ ಅದಕ್ಕೇ ಕಣ್ಣು ಮುಚ್ಚುತ್ತಿದ್ದಾನೆ.

ಫ್ಲ್ಯಾಶನ್ನು ಆಟೋದಿಂದ ತೆಗೆದು ಮ್ಯಾನುಯಲ್‌ಗೆ ಹಾಕಿ, ಶಕ್ತಿಯನ್ನು ತೀರ ಇಳಿಸಿದಳು. ಇನ್ನು ಒಂದೇ ಮಿನುಗು.

"ಮಾಮ, ಈ ಸಲ ನಿಮ್ಮ ರೆಪ್ಪೆಗೆ ಪುರುಸೊತ್ತೇ ಕೊಡಲ್ಲ."

ಬೆಳಕು ಬಂದು ಹೋಯಿತು. ಪರದೆಯಲ್ಲಿ ಎರಡು ಕಣ್ಣು, ಬೂದು ಬಣ್ಣದವು, ಅಗಲವಾಗಿ ತೆರೆದಿದ್ದವು. ಒಂದೊಂದರಲ್ಲೂ ಒಂದು ಬಿಳಿ ಚೂರು ತೇಲುತ್ತಿತ್ತು.

"ಇದೇನೇ, ಹಾಯಿ ಥರ?" ಡೆಲಿಮಾ ಬಗ್ಗಿ ನೋಡಿದಳು.

"ನಮ್ಮ ದೀಪದ ಬಿಂಬ, ಅತ್ತೆ."

"ಎಡಗಣ್ಣೇ ಚಂದ ಇದೆ."

"ಅದಕ್ಕೇ ಡಾಕ್ಟರ್ ಅದನ್ನೇ ಆರಿಸಿದ್ದು," ಎಂದ ಪ್ಲಾಸಿಡ್.

ಡೆಲಿಮಾ ಬಹಳ ಹೊತ್ತು ನೋಡಿದಳು. ಆಮೇಲೆ ಕೈಚೀಲ ಕೆಳಗಿಟ್ಟು, ಹೋಗಿ ಅವನ ಎಡಕ್ಕೆ ನಿಂತಳು, ನಾಳೆಯಿಂದ ಅವನಿಗೆ ಕಾಣದ ಕಡೆ.

"ಒತ್ತು ಮಗಳೇ," ಎಂದ ಪ್ಲಾಸಿಡ್, ಕತ್ತು ತಿರುಗಿಸದೆ. "ಕಾಣಿಸ್ತಿದಾಳೆ."