ಸಪ್ಪೆ ನೀರು

ಹೈಡ್ರೋಜನ್ ತುಂಬಿದ ನೀರು ಕುಡಿದರೆ ಬಿಪಿ ಇದ್ದರೂ ಕಿಡ್ನಿ ಕೆಡುವುದಿಲ್ಲ, ಇಲಿಗಳ ಮೇಲೆ ಪರೀಕ್ಷೆಯೇ ಆಗಿದೆ ಎಂದು ಬೊಗಳೆ ಬಿಟ್ಟು, ಗಂಡನ ಅಣ್ಣ ಅವಳ ಮನೆಗೆ ಆ ನೀರಿನ ಯಂತ್ರವೊಂದನ್ನು ಮಾರಿ ಹೋಗಿದ್ದ. ಅಣ್ಣ ಹೇಳಿದ್ದೇ ತಡ, ಅವಳ ದರ್ಜಿ ಗಂಡ ಬಿಪಿ ಮಾತ್ರೆಗಳನ್ನು ಚಿಂದಿ ಬಟ್ಟೆಯ ಬುಟ್ಟಿಗೆ ಎಸೆದ.

"ಆ ಇಲಿಗಳೂ ಮಾತ್ರೆ ಎಸೆದಿದ್ವಾ?" ಎಂದಳು.

"ವಿಜ್ಞಾನ ನಿನ್ನ ತಲೆಗೆ ಹತ್ತಲ್ಲ ಬಿಡೇ," ಎಂದು ಅವನು ಯಂತ್ರದಿಂದ ಬುಳಬುಳನೆ ಬಂದ ನೀರನ್ನು ಬಾಯಿಗಿಟ್ಟು ಮುಖ ಹಿಂಡಿದ. "ಥೂ, ಸಪ್ಪೆ!"

ಅಡುಗೆಮನೆಗೆ ಹೋಗಿ, ಡಾಕ್ಟರು ಮುಟ್ಟಲೇಬೇಡ ಎಂದಿದ್ದ ಉಪ್ಪನ್ನು ಲೋಟಕ್ಕೆ ಒಂದು ಚಮಚ ಸುರಿದು, ಕದಡಿ, ಗಟಗಟ ಕುಡಿದ. "ಹಾಂ, ಈಗ ಕಿಡ್ನಿಗೆ ಹಾಯಾಯ್ತು."

ಅವಳು ಉಪ್ಪಿನ ಡಬ್ಬಿ ಮುಚ್ಚಿದಳು. "ಪಾಪ, ಇಲಿಗಳಿಗೆ ಇಷ್ಟು ಬುದ್ಧಿ ಇರ್ಲಿಲ್ಲ. ಅದಕ್ಕೇ ಉಳ್ಕೊಂಡ್ವು."