ಇದಿನಬ್ಬನ ಜಾಮೀನು

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನಮ್ಮ ಹೂವಿನ ಅಂಗಡಿ. ನಮ್ಮಂಥ ಕೆಲಸದವರ ಪಾಸ್‌ಪೋರ್ಟುಗಳೆಲ್ಲ ಧಣಿಯ, ಅಂದರೆ ಅರ್ಬಾಬನ, ಕಬ್ಬಿಣದ ಪೆಟ್ಟಿಗೆಯಲ್ಲಿ. ಊರಿಗೆ ಹೋಗುವವನಿಗೆ ಇನ್ನೊಬ್ಬ ಜಾಮೀನು ನಿಲ್ಲಬೇಕು. ಹೋದವನು ಮರಳುವ ತನಕ ನಿಂತವನಿಗೆ ರಜೆಯಿಲ್ಲ. ಇಂಥ ಕಾನೂನು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಬಾಯಿಬಿಟ್ಟು ಕೇಳುವ ಗಂಡಸು ನಮ್ಮಲ್ಲಿ ಯಾರಿದ್ದ? ನಾನಂತೂ ಅಲ್ಲ.

೧೯೯೯ರಲ್ಲಿ, ಹೂಗುಚ್ಛ ಕಟ್ಟುವ ಫಿಲಿಪ್ಪೀನಿ ಹುಡುಗಿ ಪ್ಯಾಟ್ರಿಶಿಯಾ ತಾಯಿಗೆ ಕಾಯಿಲೆಯೆಂದು ಒಂದು ತಿಂಗಳ ರಜೆ ಕೇಳಿದಳು. ವ್ಯಾನ್ ಓಡಿಸುವ ಉಳ್ಳಾಲದ ಇದಿನಬ್ಬ ಪಾಪ ಅಂತ ಜಾಮೀನು ನಿಂತ. ಮೂರು ತಿಂಗಳಾದರೂ ಅವಳ ಸುಳಿವಿಲ್ಲ. ಇದಿನಬ್ಬನ ಮಗಳ ಮದುವೆಗೆ ಉಳಿದದ್ದು ಇಪ್ಪತ್ತೇ ದಿನ. ಅರ್ಬಾಬ್ ನನ್ನ ಕೈಗೆ ಟಿಕೆಟ್ ಕೊಟ್ಟು, "ಅವಳನ್ನು ಕರೆದುಕೊಂಡು ಬಾ, ಆಮೇಲೆ ಅವನು ಹೋಗಲಿ" ಎಂದ. ನನಗೆ ಜಾಮೀನು ಕೇಳಲಿಲ್ಲ. ಹೆಂಡತಿ, ಮಗಳು ಇಲ್ಲೇ ಇದ್ದರಲ್ಲ, ಅದೇ ಸಾಕಿತ್ತು ಅವನಿಗೆ.

ಮೂರನೆಯ ದಿನ ಅವಳ ದ್ವೀಪದಲ್ಲಿ ದೋಣಿ ಇಳಿದೆ. ಎದುರಿಗೆ ಹಬೆಯಾಡುವ ಬೆಂಕಿಬೆಟ್ಟ, ಕಾಲಡಿ ಇದ್ದಿಲಿನಂಥ ಕಪ್ಪು ಮಣ್ಣು. ಆ ಮಣ್ಣಲ್ಲಿ ಹೂವು ಸೊಕ್ಕಿ ಬೆಳೆದಿತ್ತು. ತೆಂಗಿನ ನೆರಳಲ್ಲಿ ಆಂಥೂರಿಯಂ, ಬೇಲಿಯುದ್ದಕ್ಕೂ ಮಲ್ಲಿಗೆ. ಶಂಕರಪುರದಲ್ಲಿ ನನ್ನಮ್ಮ ಮಲ್ಲಿಗೆ ಕಟ್ಟಿಯೇ ನನ್ನನ್ನು ಓದಿಸಿದ್ದು. ಆ ಪರಿಮಳಕ್ಕೆ ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

ಅಂಗಳದಲ್ಲಿ ಪ್ಯಾಟ್ರಿಶಿಯಾ ಮೊಗ್ಗು ಪೋಣಿಸುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ತಾಯಿ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಎಡಗೈಯಿಂದ ಒಂದೊಂದೇ ಮೊಗ್ಗು ಆರಿಸಿ ಮಗಳಿಗೆ ಕೊಡುತ್ತಿದ್ದಳು.

"ಕುಯಾ," ಎಂದಳು ಪ್ಯಾಟ್ರಿಶಿಯಾ. ಅವರಲ್ಲಿ ಹಾಗಂದರೆ ಅಣ್ಣ. "ನಾನು ಸಿಗಲಿಲ್ಲ ಅಂತ ಹೇಳಿಬಿಡಿ. ಅಮ್ಮನಿಗೆ ನಾನೊಬ್ಬಳೇ."

ಹೇಳಬಹುದಿತ್ತು. ಆದರೆ ಕಿಸೆಯಲ್ಲಿ ಇದಿನಬ್ಬನ ಮಗಳ ಮದುವೆಯ ಕಾಗದವಿತ್ತು. ತೆಗೆದು ಅವಳ ಮಡಿಲ ಮೊಗ್ಗುಗಳ ಮೇಲಿಟ್ಟೆ. ಕನ್ನಡ ಓದಲು ಬಾರದಿದ್ದರೂ ಅದು ಏನೆಂದು ಅವಳಿಗೆ ತಿಳಿಯಿತು.

"ಅವನು ಹೋಗಿಬಂದ ಕೂಡಲೇ ನಿನ್ನನ್ನು ಕಳಿಸುತ್ತೇನೆ. ನಾನೇ ಜಾಮೀನು," ಎಂದೆ.

"ಆಣೆ?"

"ನನ್ನ ಮಗಳಾಣೆ."

ಉಳಿದ ಮೊಗ್ಗೆಲ್ಲ ಪೋಣಿಸಿ ತಾಯಿಯ ಕೊರಳಿಗೆ ಹಾಕಿ, ಅವಳು ನನ್ನ ಹಿಂದೆ ಹೊರಟಳು. ತಾಯಿಯ ಎಡಗೈ ಇನ್ನೂ ಬುಟ್ಟಿಯಲ್ಲಿ ಮೊಗ್ಗು ಹುಡುಕುತ್ತಿತ್ತು.

ಅಬುಧಾಬಿಗೆ ಬಂದರೆ ಇದಿನಬ್ಬನಿಗೆ ಜಾಮೀನು ಯಾರು ಎಂಬ ಪ್ರಶ್ನೆ. "ನನ್ನಿಂದಲೇ ಅವರು ಸಿಕ್ಕಿಬಿದ್ದದ್ದು, ನಾನು ನಿಲ್ಲುತ್ತೇನೆ" ಎಂದು ಪ್ಯಾಟ್ರಿಶಿಯಾ ಮುಂದೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು ಅಂತ ಹೆಂಡತಿಯ ಹತ್ತಿರ ಹೇಳಿಕೊಂಡೆ. ಸುಳ್ಳು. ನಾನು ಬಾಯಿ ತೆರೆಯುವವನೇ ಅಲ್ಲ.

ಇದಿನಬ್ಬನನ್ನು ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಇಳಿಯುವಾಗ ಅವನು, "ರೂಮಿನಲ್ಲಿ ನನ್ನ ಕುಕ್ಕರ್ ಉಂಟು, ಹಾಸಿಗೆ ಉಂಟು. ನೀನೇ ಇಟ್ಟುಕೋ ಮಾರಾಯ" ಎಂದ.

"ಒಂದು ತಿಂಗಳಿಗೆ ನಿನ್ನ ಕುಕ್ಕರ್ ನನಗೆ ಎಂತಕ್ಕೆ?"

"ಹದಿನೆಂಟು ವರ್ಷ ಆಯ್ತು ಪುರಂದರ. ಮಗಳು ಹುಟ್ಟಿದಾಗ ಬಂದವ ನಾನು. ಸಾಕು. ಖಲಾಸ್."

"ಆ ಹುಡುಗಿಯ ಗತಿ ಎಂತ?"

"ಅವಳು ನನ್ನ ಗತಿ ಕೇಳಿದ್ದಳಾ?" ಎಂದವನು ನನ್ನ ಮುಖ ನೋಡದೆ ಒಳಗೆ ನಡೆದ.

ಯಾರ ಮೇಲೆ ಸಿಟ್ಟು ಮಾಡಲಿ? ನಾನು ಯಾರಿಗೂ ಏನೂ ಹೇಳಲಿಲ್ಲ. "ಕುಯಾ, ಅವರು ಯಾವಾಗ ಬರುತ್ತಾರೆ?" ಎಂದು ಪ್ಯಾಟ್ರಿಶಿಯಾ ಪ್ರತಿ ವಾರ ಕೇಳುವಳು. "ಮುಂದಿನ ಶುಕ್ರವಾರ" ಎನ್ನುವೆ. ಹೀಗೇ ನಾಲ್ಕು ತಿಂಗಳು.

ಆಮೇಲೊಂದು ದಿನ ಅವಳು ಕೇಳಲಿಲ್ಲ. ತಾಯಿ ಹೋದಳೆಂದು ಬೆಳಿಗ್ಗೆ ಫೋನ್ ಬಂದಿತ್ತು. ಯಾರದೋ ಮದುವೆಯ ಆರ್ಡರಿಗೆ ಮಲ್ಲಿಗೆ ಪೋಣಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ಮೊಗ್ಗು ಆರಿಸಿ ಅವಳತ್ತ ಹಿಡಿದೆ. ಅವಳು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.